ಹೀರೋನ ಐದು ಹೊತ್ತಿನ ಊಟ

ಇವತ್ತು ಭಾನುವಾರ. ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದೆ. ಒಳಗೆ ಕುಕ್ಕರಿನ ಮುಚ್ಚಳ ತೆಗೆದ ಸದ್ದಾಯಿತು. ಅದರ ಬೆನ್ನಿಗೇ ಬೆಂದ ಹುರುಳಿಯ ವಾಸನೆ ಹೊರಗೆ ಬಂತು. ಆ ವಾಸನೆ ನಿಮಗೂ ಗೊತ್ತಿರಬೇಕು. ಸ್ವಲ್ಪ ಮಣ್ಣು, ಸ್ವಲ್ಪ ಹಳೆಯ ಗೋಣಿಚೀಲ ಸೇರಿದ ಹಾಗಿರುತ್ತದೆ. ಹಸಿದವನಿಗೆ ಮಾತ್ರ ಹಿತವಾಗುವ ವಾಸನೆ ಅದು. ನಾನು ಕೂತಲ್ಲಿಂದಲೇ ಕೂಗಿ ಹೇಳಿದೆ: "ಚೆನ್ನಾಗಿ ಹಿಚುಕೇ, ಒಂದು ಗಂಟು ಉಳಿದ್ರೂ ಗಂಟಲಲ್ಲಿ ಸಿಕ್ಕೊಳ್ತದೆ."

ಒಳಗಿನಿಂದ ನನ್ನ ಹೆಂಡತಿಯ ದನಿ: "ಯಾರ ಗಂಟಲಲ್ಲಿ? ನಿಮ್ದಾ, ಹೀರೋಂದಾ?"

ಹೀರೋ ಎಂದರೆ ಸಿನಿಮಾದವನಲ್ಲ, ಕುದುರೆ. ಬಿಳಿ ಬಣ್ಣದ, ಬೆನ್ನು ತಗ್ಗಿದ, ಇಪ್ಪತ್ತೈದು ದಾಟಿದ ಗಂಡು ಕುದುರೆ. ಹೊನ್ನಾವರದ ಹತ್ತಿರದ ಕರ್ಕಿಯಲ್ಲಿ ನನ್ನ ಅಕ್ಕ ಸುಮಿತ್ರಳ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಅತಿಥಿಯಾಗಿದ್ದ. ಅವನ ಬಾಯಲ್ಲಿ ಅಗಿಯುವ ಹಲ್ಲುಗಳು ಹೆಚ್ಚುಕಡಿಮೆ ಮುಗಿದುಹೋಗಿದ್ದವು. ಅಂಥ ಬಾಯಿಗೆ ದಿನಕ್ಕೆ ಐದು ಸಲ ಊಟ ಕೊಡುವುದು ಎಂದರೆ ಏನು ಎಂಬುದನ್ನು ನಮ್ಮ ಮನೆತನ ಹೇಗೆ ಕಲಿತಿತು, ಅದರಲ್ಲಿ ವಿಜ್ಞಾನದ ಮಾಸ್ತರನಾದ ನಾನು ಹೇಗೆ ಎರಡು ಸಲ ಫೇಲಾದೆ ಎಂಬುದನ್ನು ಹೇಳುತ್ತೇನೆ. ಉತ್ತರಪತ್ರಿಕೆಗಳು ಕಾಯಲಿ. ಬರೆದ ಮಕ್ಕಳಿಗೂ ಅವಸರವೇನೂ ಇರಲಿಕ್ಕಿಲ್ಲ.

ಮೊದಲು ನಾರಾಯಣ ಭಾವನ ವಿಷಯ ಹೇಳಬೇಕು. ಅಕ್ಕನ ಗಂಡ. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕುಮಟಾ, ಹೊನ್ನಾವರ, ಭಟ್ಕಳದ ನಡುವೆ ಎಷ್ಟು ಸಲ ಓಡಾಡಿದರೋ ದೇವರಿಗೇ ಗೊತ್ತು. ನಿವೃತ್ತರಾದ ಮೇಲೂ ವಾರಕ್ಕೊಮ್ಮೆಯಾದರೂ ಭಟ್ಕಳಕ್ಕೆ ಹೋಗದಿದ್ದರೆ ಅವರಿಗೆ ಕಾಲು ಹಿಡಿದಂತಾಗುತ್ತಿತ್ತು. ಆ ದಿನ ಹೋದದ್ದು ಅಕ್ಕನ ಮಿಕ್ಸರ್ ರಿಪೇರಿಗೆ. ಸಂಜೆ ಮನೆಯ ಮುಂದೆ ಟೆಂಪೋ ನಿಂತಾಗ, ಒಂದು ಮಿಕ್ಸರಿಗೆ ಟೆಂಪೋ ಯಾಕೆ ಎಂದು ಅಕ್ಕ ಹೊರಗೆ ಬಂದಳು. ಹಿಂದಿನ ಹಲಗೆ ಇಳಿಸಿದರು. ಬಿಳಿ ಕುದುರೆಯೊಂದು ಒಂದೊಂದೇ ಕಾಲಿಟ್ಟು, ಮದುವೆಗೆ ಬಂದ ಹಿರಿಯರ ಹಾಗೆ ಗಾಂಭೀರ್ಯದಿಂದ ಇಳಿಯಿತು.

ಅಕ್ಕ ಕುದುರೆಯನ್ನು ನೋಡಿದಳು, ಭಾವನನ್ನು ನೋಡಿದಳು. ಅವಳು ಕೇಳಿದ ಮೊದಲ ಪ್ರಶ್ನೆ: "ಮಿಕ್ಸರ್ ಎಲ್ಲಿ?"

"ಮಿಕ್ಸರ್ ನಾಡಿದ್ದು ಆಗ್ತದಂತೆ," ಅಂದರು ಭಾವ. "ಇದು ಇವತ್ತೇ ತಯಾರಿತ್ತು."

ನಡೆದದ್ದು ಇಷ್ಟು. ಭಟ್ಕಳದ ಪಕ್ಕದ ಜಾಲಿಯಲ್ಲಿ ಬಾಷಾ ಎಂಬವರಿದ್ದರು. ಮದುವೆಯ ಮೆರವಣಿಗೆಗೆ ಕುದುರೆ ಕೊಡುವುದು, ರಜೆಯ ದಿನಗಳಲ್ಲಿ ಸಮುದ್ರದ ದಂಡೆಯಲ್ಲಿ ಪ್ರವಾಸಿಗರನ್ನು ಕೂರಿಸಿ ಒಂದು ಸುತ್ತು ಹೊಡೆಸುವುದು ಅವರ ಕಸುಬು. ಅವರು ಬೂಸಾದ ಚೀಲಗಳನ್ನು ಬಸ್ಸಿಗೆ ಹಾಕಿಕೊಂಡು ಬರುತ್ತಿದ್ದ ಕಾಲದಿಂದ ಭಾವನಿಗೂ ಅವರಿಗೂ ಸ್ನೇಹ. ಈಗ ಬಾಷಾರ ಸೊಂಟ ಕೈಕೊಟ್ಟು ಕಸುಬು ಬಿಡಬೇಕಾಗಿತ್ತು. ಎರಡು ಎಳೆಯ ಕುದುರೆಗಳನ್ನು ಯಾರೋ ಸಂತೋಷದಿಂದ ಕೊಂಡುಹೋದರು. ಹೀರೋನನ್ನು ಕೇಳುವವರಿರಲಿಲ್ಲ. ಮಿಕ್ಸರ್ ಅಂಗಡಿಯಿಂದ ಸುಮ್ಮನೆ ಮಾತಾಡಿಸಿ ಬರೋಣವೆಂದು ಹೋದ ಭಾವನಿಗೆ, ಅಂಗಳದಲ್ಲಿ ಒಂಟಿಯಾಗಿ ನಿಂತ ಕುದುರೆಯನ್ನೂ ಅದರ ಕುತ್ತಿಗೆ ನೇವರಿಸುತ್ತ ನಿಂತ ಗೆಳೆಯನನ್ನೂ ಕಂಡು ಬಾಯಿಂದ ಮಾತು ಜಾರಿಬಿಟ್ಟಿತು: "ನಮ್ಮಲ್ಲಿ ಕೊಟ್ಟಿಗೆ ಖಾಲಿ ಅದೆ." ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಎಂಬ ಗಾದೆಯನ್ನು ಭಾವ ಅಕ್ಷರಶಃ ಪಾಲಿಸಿದರು. ಬಾಯಿ ತೆರೆಸಿ ನೋಡಲಿಲ್ಲ.

ಕರ್ಕಿ ಎಂದರೆ ಯಕ್ಷಗಾನದ ಊರು. ಅಲ್ಲಿನ ಜನಕ್ಕೆ ಕುದುರೆ ಎಂದಕೂಡಲೆ ನೆನಪಾಗುವುದು ಅಶ್ವಮೇಧವೇ. ಪಕ್ಕದ ಮನೆಯ ಶೇಷಣ್ಣ ಬೇಲಿಯಾಚೆಯಿಂದಲೇ ಎಚ್ಚರಿಸಿದರು: "ನಾರಾಯಣಾ, ಕುದುರೆ ಕಟ್ಟೂದು ಸುಲಭ. ಕಟ್ಟಿದವ್ರ ಮೇಲೆ ಯುದ್ಧಕ್ಕೆ ಬರ್ತಾರೆ, ನೋಡಿಕೋ." ಅವರು ಹೇಳಿದ್ದು ಸುಳ್ಳಾಗಲಿಲ್ಲ. ಭಾವ ಕುದುರೆಯನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಹಿಂತಿರುಗಿದರೆ ಎದುರಿಗೆ ಅಕ್ಕ ಸೌಟು ಹಿಡಿದು ನಿಂತಿದ್ದಳು.

ಆದರೆ ಅತಿಥಿ ಮನೆಗೆ ಬಂದಮೇಲೆ ಉಣ್ಣಿಸದೆ ಇರುವ ಜಾತಿಯವಳಲ್ಲ ಅಕ್ಕ. ಮರುದಿನವೇ ಶೇಷಣ್ಣನ ಮನೆಯಿಂದ ಬೆಟ್ಟದ ಒಣಹುಲ್ಲು ತರಿಸಿದಳು. ಹೀರೋ ಆಸೆಯಿಂದ ಬಾಯಿ ಹಾಕಿತು. ಬಹಳ ಹೊತ್ತು ಅಗಿಯಿತು. ಆಮೇಲೆ ಕತ್ತು ತಗ್ಗಿಸಿ, ಅಗಿದ ಹುಲ್ಲನ್ನೆಲ್ಲ ಹಸಿರು ಉಂಡೆ ಮಾಡಿ ನೆಲದ ಮೇಲೆ ಬೀಳಿಸಿತು. ಮತ್ತೊಂದು ಬಾಯಿ ತೆಗೆದುಕೊಂಡಿತು, ಮತ್ತೊಂದು ಉಂಡೆ. ಸಂಜೆಯ ಹೊತ್ತಿಗೆ ಕೊಟ್ಟಿಗೆಯಲ್ಲಿ ಚೆಂಡಾಡುವಷ್ಟು ಉಂಡೆಗಳು.

"ನನ್ ಕೈಯಡಿಗೆ ಬೇಡ ಅಂದವ್ರು ಈ ಊರಲ್ಲಿ ಇದುವರೆಗೆ ಯಾರೂ ಇಲ್ಲ," ಎಂದು ಅಕ್ಕ ಫೋನಿನಲ್ಲಿ ನನಗೆ ದೂರು ಹೇಳಿದಳು. "ನಿನ್ ಭಾವ ತಂದ ಕುದುರೆ ಉಗೀತಾ ಅದೆ ತಮಾ. ಹುಲ್ಲನ್ನ ಉಗೀತಾ ಅದೆ!"

ಅಲ್ಲಿಂದ ನನ್ನ ಪಾಲಿಗೆ ಶುರುವಾಯಿತು. ಸಂಜೆ ಐದಕ್ಕೆ ನಾನು ಶಾಲೆಯಿಂದ ಬಂದು ಚೀಲ ಇಡುವುದಕ್ಕೂ ಅಕ್ಕನ ಫೋನು ಬರುವುದಕ್ಕೂ ಸರಿಹೋಗುತ್ತಿತ್ತು. ಕುದುರೆಗೆ ಸೊಕ್ಕು, ಕುದುರೆಗೆ ಭಟ್ಕಳದ ಬಿರಿಯಾನಿ ನೆನಪು, ಕುದುರೆಗೆ ದೃಷ್ಟಿಯಾಗಿದೆ ಎಂದು ದಿನಕ್ಕೊಂದು ಕಾರಣ. ಊರವರೂ ಸಾಲುಗಟ್ಟಿ ಬಂದು ನೋಡಿದರು. ನಮ್ಮ ಕಡೆ ಗರಿಕೆಗೂ ಕರ್ಕಿ ಎನ್ನುವವರಿದ್ದಾರೆ. ಹುಲ್ಲಿನ ಹೆಸರಿನ ಊರಿಗೆ ಬಂದು ಹುಲ್ಲು ಒಲ್ಲೆ ಎನ್ನುವ ಕುದುರೆಯನ್ನು ನೋಡದೆ ಇರಲಾದೀತೇ? ಹತ್ತು ದಿನಕ್ಕೆ ಅದರ ಪಕ್ಕೆಲುಬು ಎಣಿಸಬಹುದಾಗಿತ್ತು. ಅಷ್ಟಾದಮೇಲೆ ಅಕ್ಕನ ದನಿ ಬದಲಾಯಿತು. "ಅದು ಹಸಿದಿದೆ ತಮಾ. ಹಸಿವಿಲ್ಲದ ಕಣ್ಣಲ್ಲ ಅದು," ಅಂದಳು.

ಹೊನ್ನಾವರದಿಂದ ಪಶುವೈದ್ಯೆ ಬಂದರು. ಎಳೆ ವಯಸ್ಸಿನ ಡಾಕ್ಟರು. ದನ, ನಾಯಿ, ಬೆಕ್ಕು ದಿನಾ ನೋಡ್ತೇನೆ, ಕುದುರೆಯ ಬಾಯೊಳಗೆ ಕೈ ಹಾಕಿದ್ದು ಕಾಲೇಜಿನಲ್ಲಿ ಮಾತ್ರ ಎಂದು ಮೊದಲೇ ಒಪ್ಪಿಕೊಂಡರು. ಆ ಒಂದು ಮಾತಿಗೇ ಅಕ್ಕನಿಗೆ ಅವರ ಮೇಲೆ ನಂಬಿಕೆ ಬಂತು. ಭಾವ ತಲೆ ಹಿಡಿದರು, ಶೇಷಣ್ಣ ಟಾರ್ಚ್ ಹಿಡಿದರು. ಡಾಕ್ಟರು ನಾಲಿಗೆಯನ್ನು ಬದಿಗೆ ಸರಿಸಿ ಬಹಳ ಹೊತ್ತು ನೋಡಿ ಹೇಳಿದರು:

"ಇದಕ್ಕೆ ಅಗಿಯೋ ಹಲ್ಲೇ ಇಲ್ಲ. ಎಡಗಡೆ ಎರಡು ಉಳಿದಿವೆ, ಬಲಗಡೆ ಒಂದು. ಅವೂ ಒಂದರ ಮೇಲೊಂದು ಕೂರೋದಿಲ್ಲ."

ಮುಂದಿನ ಹಲ್ಲುಗಳಿದ್ದವು, ಹಾಗಾಗಿ ಹುಲ್ಲು ಕಚ್ಚುತ್ತಿತ್ತು. ಹಿಂದಿನವಿಲ್ಲ, ಹಾಗಾಗಿ ಅರೆಯಲಾಗುತ್ತಿರಲಿಲ್ಲ. ಕುದುರೆಯ ಹಲ್ಲು ಬದುಕಿಡೀ ಸವೆಯುತ್ತದೆ, ಸವೆದಷ್ಟೂ ಒಳಗಿನಿಂದ ಮೇಲೆ ಬರುತ್ತದೆ, ಕೊನೆಗೊಂದು ದಿನ ಒಳಗಿನ ದಾಸ್ತಾನು ಮುಗಿಯುತ್ತದೆ ಎಂದು ಡಾಕ್ಟರು ವಿವರಿಸಿದರು. ಒಣಹುಲ್ಲು ಪೂರಾ ಬಂದ್. ಕೊಡುವುದೆಲ್ಲ ನೆನೆಸಿ, ಬೇಯಿಸಿ, ಅರೆದು ಕೊಡಬೇಕು. ಒಂದೇ ಸಲ ತುಂಬ ಕೊಡಬಾರದು, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ. ಗಟ್ಟಿ ತುಂಡೊಂದು ಹೋದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಭಾವ ಆ ಸಂಜೆ ಬಾಷಾರಿಗೆ ಫೋನು ಮಾಡಿ, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರು. ಆ ಕಡೆಯಿಂದ ಆಶ್ಚರ್ಯದ ದನಿ: "ಕಂಡಕ್ಟರ್ ಸಾಬ್, ಟೆಂಪೋ ಹೊರಡುವಾಗ ಮೂರು ಸಲ ಹೇಳಿದೆನಲ್ಲ, ಸಬ್ ಭಿಗೋಕೆ ದೇನಾ ಅಂತ. ನೀವು ಹಾಂ ಹಾಂ ಅಂದ್ರಿ!"

ಭಿಗೋಕೆ ಎಂದರೆ ನೆನೆಸಿ ಎಂದು ಭಾವನಿಗೆ ತಿಳಿದದ್ದು ಆಗಲೇ. ಮೂವತ್ತು ವರ್ಷ ಭಟ್ಕಳದ ರೂಟಿನಲ್ಲಿದ್ದು ತನಗೆ ಉರ್ದು ನೀರು ಕುಡಿದಷ್ಟು ಸುಲಭ ಎಂದು ನಮ್ಮೆದುರು ಹೇಳಿಕೊಳ್ಳುತ್ತಿದ್ದರು. ಆಗೇ ಚಲೋ, ಟಿಕೆಟ್ ಲಿಯಾ ಕ್ಯಾ, ಛುಟ್ಟಾ ದೋ. ಅವರ ಉರ್ದು ಆ ಬಸ್ಸಿನ ಬಾಗಿಲು ದಾಟಿ ಕೆಳಗಿಳಿದಿರಲಿಲ್ಲ. ಬಾಷಾ ಹೇಳಿದ್ದನ್ನು ಅವರು ಏನೋ ಆಶೀರ್ವಾದ ಎಂದುಕೊಂಡಿದ್ದರಂತೆ.

ಈಗ ನಾನು ಹೇಳುವುದನ್ನು ನೀವು ನಂಬಬೇಕು. ನಾರಾಯಣ ಭಾವ ಮದುವೆಯಾಗಿ ಮೂವತ್ತೈದು ವರ್ಷಗಳಲ್ಲಿ ಅಡಿಗೆಮನೆಗೆ ಕಾಲಿಟ್ಟದ್ದು ದೀಪ ಹೋದಾಗ ಫ್ಯೂಸ್ ನೋಡಲು ಮಾತ್ರ. ಅಂಥವರು ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲೊಲೆಗೆ ತೆಂಗಿನ ಸಿಪ್ಪೆ ತುರುಕಿ, ರಾತ್ರಿ ನೆನೆಹಾಕಿದ ಹುರುಳಿಯನ್ನು ದೊಡ್ಡ ಪಾತ್ರೆಯಲ್ಲಿ ಬೇಯಲಿಟ್ಟರು. ರಿಪೇರಿಯಾಗಿ ಬಂದ ಮಿಕ್ಸರಿನಲ್ಲಿ ಅರೆದರು. ಮುಚ್ಚಳ ಸರಿಯಾಗಿ ಹಾಕದೆ ಅರೆದದ್ದರಿಂದ ಅರ್ಧ ಹುರುಳಿ ಗೋಡೆಗೆ, ಕಾಲುಭಾಗ ಭಾವನ ಕನ್ನಡಕಕ್ಕೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸಹಾಯಕ್ಕೆ ಹೋಗಲಿಲ್ಲ. ಅಂಥ ದೃಶ್ಯ ಮತ್ತೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ನಾಲ್ಕೈದು ದಿನದಲ್ಲಿ ಹದ ಸಿಕ್ಕಿತು. ಅರೆದ ಹುರುಳಿ, ಬಿಸಿನೀರಲ್ಲಿ ನೆನೆಸಿದ ಬೂಸಾ, ಒಂದಿಷ್ಟು ತೌಡು, ಸಣ್ಣಗೆ ಕೊಚ್ಚಿದ ಎಳೆ ಹುಲ್ಲು, ಉಪ್ಪು, ಬೆರಳಗಾತ್ರ ಬೆಲ್ಲ. ಎಲ್ಲ ಸೇರಿ ಗಂಜಿಗಿಂತ ಗಟ್ಟಿ, ಉಪ್ಪಿಟ್ಟಿಗಿಂತ ತೆಳು. ಹೀರೋ ಬಕೆಟ್ಟಿಗೆ ಮೂತಿ ಇಳಿಸಿ, ತುಟಿಯಿಂದಲೇ ಎಳೆದು, ಅರ್ಧ ಗಂಟೆ ಸೊರ್ ಸೊರ್ ಎಂದು ಉಣ್ಣುತ್ತಿತ್ತು. ಉಂಡಾದ ಮೇಲೆ ಮೀಸೆಗೆಲ್ಲ ಬೂಸಾ ಮೆತ್ತಿಕೊಂಡು, ತನಗೆ ಉಣ್ಣಿಸಿದವರ ಭುಜಕ್ಕೆ ಒರೆಸುತ್ತಿತ್ತು. ಭಾವನ ಅಂಗಿಗಳೆಲ್ಲ ಬಲಭುಜದಲ್ಲಿ ಕಂದಿದವು.

ಒಂದು ದಿನ ಭಾವ ಪಾತ್ರೆ ಕಲಕುತ್ತಿದ್ದಾಗ ಅಕ್ಕ ಯಾರಿಗೂ ಅಲ್ಲವೆಂಬಂತೆ ಹೇಳಿದಳಂತೆ: "ನಾ ಜ್ವರ ಬಂದು ಹದಿನೈದು ದಿನ ಮಲಗಿದಾಗ ಗಂಜಿ ಬೇಯ್ಸೂಕೆ ಬರೂದಿಲ್ಲ ಅಂದ್ರಿ. ಹೊಟೆಲಿಂದ ಇಡ್ಲಿ ತಂದು ಇಟ್ರಿ. ಮುಂದಿನ ಜನ್ಮಕ್ಕೆ ಕುದುರೆಯಾಗಿ ಹುಟ್ತೆ."

ಭಾವ ಕಲಕುವುದನ್ನು ನಿಲ್ಲಿಸಿ, ಒಲೆಯನ್ನು ನೋಡುತ್ತ ಕೂತಿದ್ದರಂತೆ. ಮರುದಿನ ಬಚ್ಚಲೊಲೆಯ ಮೇಲೆ ದೊಡ್ಡ ಪಾತ್ರೆಯ ಪಕ್ಕದಲ್ಲೊಂದು ಸಣ್ಣ ಪಾತ್ರೆ ಕೂತಿತ್ತು. ಅದರಲ್ಲಿ ಕುಚ್ಚಲಕ್ಕಿ ಗಂಜಿ. ಅಕ್ಕ ಒಂದು ಚಮಚ ಬಾಯಿಗಿಟ್ಟು ನನಗೆ ಫೋನು ಮಾಡಿದಳು: "ಕುದುರೆಗೆ ಉಪ್ಪು ಹಾಕ್ತಾರೆ, ನಂಗೆ ಹಾಕೂಕೆ ಎಂತ ಧಾಡಿ ಇವ್ರಿಗೆ?" ಗಂಜಿ ಬಂದದ್ದು ಸುದ್ದಿ, ಉಪ್ಪಿಲ್ಲದ್ದು ದೂರು. ಅವಳು ಹೇಳಿದ್ದು ದೂರನ್ನು ಮಾತ್ರ. ನಾನೂ ಕೇಳಿಸಿಕೊಂಡದ್ದು ಅದನ್ನೇ. ನನ್ನ ದಡ್ಡತನದ ಬೇರು ಅಲ್ಲೇ ಇತ್ತು.

ಮೊದಲ ಸಲ ಫೇಲಾದ ಕತೆಗೆ ಬರುತ್ತೇನೆ. ಒಂದು ಭಾನುವಾರ ಕುದುರೆಯನ್ನು ನೋಡಲು ಹೊರಟವನು ಕುಮಟಾದ ಮಾರ್ಕೆಟ್ಟಿನಿಂದ ಒಂದು ಕಿಲೋ ಗಜ್ಜರಿ ಕೊಂಡೊಯ್ದೆ. ಕುದುರೆಗೆ ಗಜ್ಜರಿ ಪ್ರಾಣ ಎಂದು ಯಾವ ಚಿತ್ರದಲ್ಲಿ ನೋಡಿದ್ದೆನೋ. ಹಲ್ಲಿಲ್ಲ ಎಂಬುದು ನನಗೆ ಗೊತ್ತಿತ್ತು. ವರ್ಷಾವರ್ಷ ಜೀರ್ಣಾಂಗವ್ಯೂಹದ ಚಿತ್ರ ಹಲಗೆಯ ಮೇಲೆ ಬರೆದು, ಅನ್ನನಾಳ ಎಂದು ಬಾಣದ ಗುರುತು ಹಾಕುವವನು ನಾನೇ. ಸಣ್ಣ ತುಂಡು ಮಾಡಿದರೆ ಆದೀತು ಎಂದುಕೊಂಡೆ. ಅಕ್ಕ ಒಳಗಿದ್ದಳು, ಭಾವ ಬೂಸಾ ತರಲು ಹೋಗಿದ್ದರು. ಹೀರೋ ನನ್ನ ಅಂಗೈಯಿಂದ ಒಂದು ತುಂಡು ತೆಗೆದುಕೊಂಡಿತು. ಅದರ ತುಟಿಯ ಮೆತ್ತಗಿನ ಸ್ಪರ್ಶಕ್ಕೆ ಉಬ್ಬಿಹೋಗಿ ಇನ್ನೊಂದು ಕೊಟ್ಟೆ. ಮತ್ತೊಂದು.

ಇದ್ದಕ್ಕಿದ್ದಂತೆ ಹೀರೋ ಕತ್ತನ್ನು ಮುಂದಕ್ಕೆ ಚಾಚಿತು. ಒಂದು ಸಲ, ಎರಡು ಸಲ ಮೈಯೆಲ್ಲ ಸೆಳೆದು ಕೆಮ್ಮಿತು. ಮೂಗಿನ ಎರಡೂ ಹೊಳ್ಳೆಗಳಿಂದ ನೊರೆ ಇಳಿಯಿತು, ನೊರೆಯಲ್ಲಿ ಕಿತ್ತಳೆ ಬಣ್ಣ. ನಾನು "ಅಕ್ಕಾ" ಎಂದು ಕೂಗಿದ ದನಿ ಹೆದ್ದಾರಿಗೆ ಕೇಳಿಸಿತೆಂದು ಶೇಷಣ್ಣ ಈಗಲೂ ಹೇಳುತ್ತಾರೆ.

ಅಕ್ಕ ಓಡಿಬಂದಳು. ನೀರಿನ ಬಕೆಟ್ಟನ್ನು ಕಾಲಿನಿಂದಲೇ ದೂರ ತಳ್ಳಿದಳು, ಕುದುರೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಮಾಡಿದಳು, ನನಗೆ ಡಾಕ್ಟರಿಗೆ ಫೋನು ಮಾಡಲು ಹೇಳಿದಳು. ಡಾಕ್ಟರು ಬರುವವರೆಗಿನ ಮುಕ್ಕಾಲು ಗಂಟೆ ಅವಳು ಹಾಗೆಯೇ ನಿಂತಿದ್ದಳು. ಸೀರೆಯ ಮುಂಭಾಗವೆಲ್ಲ ಜೊಲ್ಲು, ನೊರೆ. "ಆತು, ಆತು, ಇನ್ ಸ್ವಲ್ಪ, ಬಂದ್ರು ಈಗೆ," ಎಂದು ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ನಮ್ಮ ಅಮ್ಮ ನಾವು ಚಿಕ್ಕವರಿದ್ದಾಗ ವಾಂತಿ ಮಾಡುತ್ತಿದ್ದರೆ ಹಣೆ ಹಿಡಿದು ಹೀಗೇ ಹೇಳುತ್ತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ. ನನ್ನ ಕೈಯಲ್ಲಿ ಇನ್ನೂ ಗಜ್ಜರಿಯ ಚೀಲವಿತ್ತು.

ಡಾಕ್ಟರು ಚುಚ್ಚುಮದ್ದು ಕೊಟ್ಟು, ಮೂಗಿನಿಂದ ನಳಿಗೆ ಇಳಿಸಿ, ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ತೊಳೆದರು. ಎರಡು ತಾಸು ಹಿಡಿಯಿತು. ಕೊನೆಗೆ ಏನೋ ಒಳಗೆ ಜಾರಿದಂತಾಗಿ ಹೀರೋ ಉದ್ದನೆಯ ಉಸಿರು ಬಿಟ್ಟಿತು. ಡಾಕ್ಟರು ಕೈ ತೊಳೆಯುತ್ತ ಕೇಳಿದರು: "ಗಜ್ಜರಿ ಕೊಟ್ಟವರು ಯಾರು?"

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿದಳು: "ಯಾರೋ ಹೊರಗಿನವ್ರು ನೋಡೂಕೆ ಬಂದಿದ್ರು ಡಾಕ್ಟ್ರೆ. ಗೊತ್ತಿಲ್ಲದವ್ರು."

ನನ್ನನ್ನು ಉಳಿಸಲೆಂದೇ ಹೇಳಿದ ಮಾತು. ಆದರೆ ಆ 'ಹೊರಗಿನವ್ರು' ಎಂಬುದು ಬಸ್ಸಿನಲ್ಲಿ ಕುಮಟಾ ಮುಟ್ಟುವವರೆಗೂ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಅಂದಿನಿಂದ ಅಕ್ಕನ ದೂರುಗಳು ಇಮ್ಮಡಿಯಾದವು. ಪ್ರತಿ ಹಿಡಿಯನ್ನೂ ಬೆರಳಲ್ಲಿ ಹಿಚುಕಿ ನೋಡಬೇಕು, ತಂಗಿಯ ಮಗಳ ಸೀಮಂತಕ್ಕೂ ಹೋಗಲಾಗಲಿಲ್ಲ, ಸೊಂಟ ಬಿದ್ದುಹೋಯಿತು. "ಯಾರಾದ್ರು ಬಂದು ಕರ್ಕಂಡು ಹೋದ್ರೆ ಕೈ ಮುಗೀತೆ ತಮಾ," ಎಂದು ವಾರದಲ್ಲಿ ನಾಲ್ಕು ಸಲವಾದರೂ ಹೇಳುತ್ತಿದ್ದಳು. ನಾನು ಮಾಸ್ತರ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಇನ್ನೊಂದು ಸತ್ಯವೂ ಇದೆ, ಅದನ್ನೂ ಹೇಳಿಬಿಡುತ್ತೇನೆ: ಆ ಕುದುರೆಯ ಮುಖವನ್ನು ಮತ್ತೆ ನೋಡುವ ಧೈರ್ಯ ನನಗಿರಲಿಲ್ಲ. ಅದು ಅಲ್ಲಿಲ್ಲದಿದ್ದರೆ ನನ್ನ ಗಜ್ಜರಿಯೂ ಇರಲಿಲ್ಲವೆಂದಾಗುತ್ತಿತ್ತು.

ಯಾರೋ ಹೇಳಿದರೆಂದು ಒಬ್ಬ ಟೆಂಪೋದವನನ್ನು ಗೊತ್ತುಮಾಡಿದೆ. "ಒಯ್ದು ಒಂದು ಕಡೆ ಬಿಡ್ತೆ ಮಾಸ್ತರೇ, ನೀವು ಚಿಂತೆ ಮಾಡ್ಬೇಡಿ," ಅಂದ. ಯಾವ ಕಡೆ ಎಂದು ನಾನು ಕೇಳಲಿಲ್ಲ. ಮರೆತು ಕೇಳದೆ ಇದ್ದದ್ದಲ್ಲ. ಉತ್ತರ ಗೊತ್ತಾಗಬಾರದೆಂದೇ ಕೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು, ಅಕ್ಕನಿಗೆ ದೊಡ್ಡ ಉಪಕಾರ ಮಾಡಲು ಹೊರಟವನ ಗತ್ತಿನಲ್ಲಿ ಕರ್ಕಿಗೆ ಬಂದಿಳಿದೆ. ಭಾವ ಅಂಗಳದಲ್ಲಿದ್ದರು. ಟೆಂಪೋ ನೋಡಿ, ನನ್ನ ಮಾತು ಕೇಳಿ, ಅವರ ಮುಖ ಸಣ್ಣದಾಯಿತು. ಜಗಳವಾಡಲಿಲ್ಲ. ಒಳಗೆ ತಿರುಗಿ ಮೆಲ್ಲನೆ ಕೇಳಿದರು: "ಸುಮಿತ್ರಾ, ನೀ ಹೇಳಿದ್ಯಾ?"

ಅಕ್ಕ ಮೊಣಕೈವರೆಗೆ ಬೂಸಾ ಮೆತ್ತಿಕೊಂಡ ಕೈಯಲ್ಲೇ ಹೊರಗೆ ಬಂದಳು. "ಎಂತ ಹೇಳೂದು? ಎಂತದು ಈ ಟೆಂಪೋ?"

"ನೀನೇ ಹೇಳಿದ್ದಲ್ಲ ಅಕ್ಕ," ಅಂದೆ. "ಯಾರಾದ್ರೂ ಕರ್ಕೊಂಡು ಹೋದ್ರೆ ಸಾಕು ಅಂತ. ದಿನಾ ಬೈತಿದ್ದೆ."

"ದಿನಾ ನಾ ನಿನ್ ಭಾವನ್ನೂ ಬೈತೆ," ಅಂದಳು ಅಕ್ಕ. "ಅವ್ರನ್ನೂ ಟೆಂಪೋಕ್ಕೆ ಹಾಕ್ತ್ಯಾ?"

ಡ್ರೈವರ್ ಕಿಸಕ್ಕನೆ ನಕ್ಕ. ಅಕ್ಕ ಅವನ ಕಡೆ ತಿರುಗಿದಳು. "ನೀ ಇದನ್ನ ಎಲ್ಲಿಗೆ ಒಯ್ತೆ ಮಾರಾಯಾ?"

ಅವನ ನಗು ನಿಂತಿತು. ಟಾಯರನ್ನು ಒಮ್ಮೆ ಒದ್ದು ನೋಡಿದ. "ಅದು... ಘಟ್ಟದ ಮೇಲೆ ಒಬ್ರಿದ್ದಾರೆ ಅಮ್ಮಾ."

"ಅವ್ರು ಇದಕ್ಕೆ ದಿನಾ ಐದು ಸಲ ಅರೆದು ಹಾಕ್ತಾರ?"

ಅವನು ಇನ್ನೊಂದು ಟಾಯರಿನ ಕಡೆ ನಡೆದ. ಅಂಗಳದಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನನಗೆ ಮೊದಲೇ ಆಗಿತ್ತು, ಅದೇ ನಾಚಿಕೆಯ ವಿಷಯ. ಅಕ್ಕ ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಬೈಯೂದು ಬೇರೆ, ಬಿಡೂದು ಬೇರೆ ತಮಾ," ಎಂದಷ್ಟೇ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಡ್ರೈವರನಿಗೆ ಚಾ ಬಂತು, ಜೊತೆಗೆ ಎರಡು ಚಕ್ಕುಲಿ. ಬಂದ ಬಾಡಿಗೆ ದಂಡವಾಗಬಾರದೆಂದು ಒಂದಷ್ಟು ತೆಂಗಿನಕಾಯಿಯನ್ನೂ ಕುಮಟಾಕ್ಕೆ ಹೇರಿಸಿದಳು. ನನಗೆ ಚಾ ಬರಲಿಲ್ಲ. ಕಾಯಿಗಳ ಜೊತೆ ವಾಪಸಾದೆ.

ಆಮೇಲೆ ಫೋನು ಬರುವುದು ನಿಂತಿತು. ಸಂಜೆ ಐದಕ್ಕೆ ಮನೆಗೆ ಬರುತ್ತೇನೆ, ಚೀಲ ಇಡುತ್ತೇನೆ, ಫೋನು ಸುಮ್ಮನಿರುತ್ತದೆ. ಮೊದಲೆರಡು ದಿನ ಹಾಯೆನಿಸಿತು. ಐದನೆಯ ದಿನಕ್ಕೆ ಚಾ ಸಪ್ಪೆಯಾಯಿತು. ನಾನೇ ಫೋನು ಮಾಡಿದರೆ, "ಎಲ್ಲ ಚಲೋ ಅದೆ. ನೀವೆಲ್ಲ ಆರಾಮಾ?" ಎಂದು ಸಂಬಂಧವೇ ಇಲ್ಲದವರ ಹಾಗೆ ಮಾತು. ನನ್ನ ಅಕ್ಕನ ಬಾಯಲ್ಲಿ 'ಎಲ್ಲ ಚಲೋ ಅದೆ' ಎಂಬ ವಾಕ್ಯ ಹುಟ್ಟಿದಮೇಲೆ ಅದೇ ಮೊದಲು ಕೇಳಿದ್ದು. ನನಗೆ ಭಯವಾಯಿತು. ಅವಳು ದೂರು ಹೇಳುತ್ತಿದ್ದದ್ದು ನನ್ನನ್ನು ಒಳಗಿನವನೆಂದು ಇಟ್ಟುಕೊಂಡಿದ್ದರಿಂದ ಎಂಬುದು ಮೂರು ವಾರದ ಮೌನದಲ್ಲಿ ನಿಧಾನವಾಗಿ ತಲೆಗೆ ಹೋಯಿತು.

ಬೇಸಿಗೆ ರಜೆ ಶುರುವಾದ ದಿನವೇ ಎರಡು ಜೊತೆ ಬಟ್ಟೆ ತುಂಬಿಕೊಂಡು ಕರ್ಕಿಗೆ ಹೋದೆ. "ಎಂತಕ್ಕೆ ಬಂದೆ?" ಎಂದು ಅಕ್ಕ ಕೇಳಲಿಲ್ಲ. ಒಂದು ಬಕೆಟ್ ತಂದು ಎದುರಿಗಿಟ್ಟಳು. ಅದೇ ಸ್ವಾಗತ.

ಹಿಚುಕುವುದನ್ನು ಅವಳೇ ಕಲಿಸಿದಳು. ಬೆರಳುಗಳನ್ನು ತಳದವರೆಗೆ ಇಳಿಸಿ, ಒಂದೊಂದು ಹಿಡಿಯನ್ನೂ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಬಿಡಬೇಕು. "ನಿನ್ ಬೆರಳಿಗೆ ಸಿಕ್ಕಿದ್ದು ಅದರ ಗಂಟಲಿಗೂ ಸಿಗ್ತದೆ," ಅಂದಳು. ಮೊದಲ ದಿನ ನಾನು ಆಯಿತೆಂದ ಬಕೆಟ್ಟಿನಿಂದ ಅವಳು ಏಳು ಗಂಟು ತೆಗೆದು, ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ತೋರಿಸಿದಳು. ನಾನು ಮಕ್ಕಳ ಪತ್ರಿಕೆಯಲ್ಲಿ ತಪ್ಪು ಹುಡುಕುವುದು ಅಷ್ಟು ನಿಷ್ಠೆಯಿಂದಲ್ಲ.

ಕೊಡುವಾಗ ಬಕೆಟ್ ಹಿಡಿದು ನಿಂತೇ ಇರಬೇಕು. ಬಿಟ್ಟರೆ ಹೀರೋ ಮೂತಿಯಿಂದ ಉರುಳಿಸುತ್ತಿತ್ತು. ಶಾಲೆಯಲ್ಲಿ ಎರಡು ಬೆಲ್ಲಿನ ನಡುವೆ ಏಳು ನಿಮಿಷದಲ್ಲಿ ಊಟ ಮುಗಿಸುವವನು ನಾನು. ಅಲ್ಲಿ ಅರ್ಧ ಗಂಟೆ, ದಿನಕ್ಕೆ ಐದು ಸಲ, ಇನ್ನೊಬ್ಬರು ಉಣ್ಣುವುದನ್ನು ನೋಡುತ್ತ ನಿಲ್ಲಬೇಕಾಯಿತು. ಮೊದಲು ಕಾಲು ನೋಯಿತು, ಆಮೇಲೆ ಬೇಸರವಾಯಿತು, ಅದೂ ಹೋದಮೇಲೆ ಒಂದೊಂದೇ ಕಾಣಿಸತೊಡಗಿತು. ಅದು ಎಡಗಡೆಯಿಂದ ಮಾತ್ರ ಮೆಲ್ಲುತ್ತದೆ. ಬೆಲ್ಲ ಇರುವ ಮೂಲೆಯನ್ನು ಮೊದಲು ಹುಡುಕುತ್ತದೆ. ಹೆದ್ದಾರಿಯಲ್ಲಿ ಮದುವೆ ದಿಬ್ಬಣದ ಬ್ಯಾಂಡು ಹಾದುಹೋದರೆ ಊಟ ನಿಲ್ಲಿಸಿ, ಕಿವಿ ನಿಮಿರಿಸಿ, ಕೊಟ್ಟಿಗೆಯಲ್ಲೇ ಎರಡು ಹೆಜ್ಜೆ ಕುಣಿದು, ಮತ್ತೆ ಏನೂ ಆಗದವರ ಹಾಗೆ ಬಕೆಟ್ಟಿಗೆ ಬರುತ್ತದೆ. ನನ್ನ ಗಜ್ಜರಿಯ ವಿಷಯ ಅದಕ್ಕೆ ನೆನಪಿತ್ತೋ ಇಲ್ಲವೋ. ಮೂತಿ ಒರೆಸುವುದಕ್ಕೆ ನನ್ನ ಭುಜವೂ ಆದೀತೆಂದು ಮೂರನೆಯ ದಿನ ಒಪ್ಪಿಕೊಂಡಿತು.

ಐದನೆಯ ದಿನ ಸಂಜೆ ನಾನು ಬಕೆಟ್ ತೊಳೆಯುತ್ತಿದ್ದೆ. ಅಕ್ಕ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತ ಅಂದಳು: "ಸಾಕಾತು ತಮಾ ಈ ಕುದುರೆ ದೆಸೆಯಿಂದ. ನಿನ್ ಭಾವಂಗೆ ಬೇರೆ ಎಂತ ಸಿಗ್ಲಿಲ್ಲ ನೋಡು ತರೂಕೆ."

ಸದ್ಯ ಎಂದುಕೊಂಡೆ. ಕ್ಷಮೆ ಸಿಕ್ಕಿತ್ತು.

ಹೀರೋ ಆಮೇಲೆ ಎರಡು ಮಳೆಗಾಲ ಕಂಡಿತು. ಪಕ್ಕೆಲುಬು ಮುಚ್ಚುವಷ್ಟು ಮೈ ಬಂತು. 'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂದು ಬಂದವರೆಲ್ಲ ತಾವೇ ಕಂಡುಹಿಡಿದಂತೆ ಹೇಳಿ ನಗುತ್ತಿದ್ದರು. ಅಕ್ಕ ಪ್ರತಿಸಲವೂ ಮೊದಲ ಸಲ ಕೇಳಿದಂತೆ ನಕ್ಕು, ಅವರು ಗೇಟು ದಾಟಿದ ಮೇಲೆ ಅವರ ಬುದ್ಧಿಯನ್ನು ಅಳೆಯುತ್ತಿದ್ದಳು. ಕಾ‌ರ್ತಿಕದ ಒಂದು ಬೆಳಿಗ್ಗೆ ಹೀರೋ ಮೊದಲನೆಯ ಬಕೆಟ್ಟನ್ನು ಅರ್ಧಕ್ಕೆ ಬಿಟ್ಟಿತು. ಅಕ್ಕ ಬೆಲ್ಲ ತೋರಿಸಿದಳು, ಕೈಯಲ್ಲಿ ತೆಗೆದು ತುಟಿಗೆ ಹಚ್ಚಿದಳು. ನೆಕ್ಕಿದ ಹಾಗೆ ಮಾಡಿ, ತೆಂಗಿನಮರದ ನೆರಳಿಗೆ ಹೋಗಿ ಮಲಗಿತು. ಡಾಕ್ಟರು ಬಂದು ಎದೆಗೆ ಕಿವಿಗೊಟ್ಟು, ವಯಸ್ಸಾಯಿತು, ನೋವೇನೂ ಇಲ್ಲ ಅಂದರು. ಮಧ್ಯಾಹ್ನಕ್ಕೆ ಮುಗಿಯಿತು.

ಬಾಷಾ ಜಾಲಿಯಿಂದ ಬಸ್ಸು ಹಿಡಿದು, ಕೋಲೂರಿಕೊಂಡು ಬಂದರು. ಕುದುರೆಯ ಹಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಉರ್ದುವಿನಲ್ಲಿ ಏನೋ ಹೇಳಿದರು. ನಾನು ಭಾವನನ್ನು ಕೇಳಿದೆ, ಏನು ಹೇಳ್ತಿದ್ದಾರೆ ಎಂದು. ಭಾವ ತಲೆಯಲ್ಲಾಡಿಸಿದರು. "ಗೊತ್ತಾಗೂದಿಲ್ಲ," ಅಂದರು, ಮತ್ತು ಕಣ್ಣೊರೆಸಿಕೊಂಡರು. ಹಿತ್ತಲಿನ ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿದೆವು. ಎಲ್ಲ ಮುಗಿದಮೇಲೆ ಅಕ್ಕ ಬಕೆಟ್ಟನ್ನು ತಿಕ್ಕಿ ತೊಳೆದು, ಬೋರಲು ಹಾಕಿ, ಸಿಟ್ಟಿನಲ್ಲೇ ಹೇಳಿದಳು: "ಅರ್ಧ ಬಿಟ್ಟು ಹೋತು. ಇಷ್ಟು ದಿನದಲ್ಲಿ ಒಂದಿನ ಬಿಟ್ಟದ್ದಲ್ಲ." ಯಾರೂ ಅವಳಿಗೆ ಸಮಾಧಾನ ಹೇಳಲು ಹೋಗಲಿಲ್ಲ.

ಇದೆಲ್ಲ ಆಗಿ ಒಂದು ವರ್ಷವಾಯಿತು. ನಾನು ಇಷ್ಟು ಬರೆಯುವುದರೊಳಗೆ ಊಟದ ಹೊತ್ತಾಗಿ, ತಟ್ಟೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಡುವಾಗ ಫೋನು ಬಂತು.

"ತಮಾ, ಊಟ ಆತಾ?" ಎಂದು ಕೇಳಿದ ಅಕ್ಕ ಉತ್ತರಕ್ಕೆ ಕಾಯಲಿಲ್ಲ. "ನಿನ್ ಭಾವ ಇವತ್ತು ಬೀನ್ಸ್ ಪಲ್ಯ ಮಾಡಿದ್ದಾರೆ. ಪಲ್ಯ ಅಲ್ಲ ಅದು, ಅಂಟು. ನಿನ್ನೆ ಚಿತ್ರಾನ್ನ ಮಾಡಿದ್ರು, ಅದನ್ನ ಲೋಟಕ್ಕೆ ಬಗ್ಗಿಸಿ ಕುಡಿಯೂಕೆ ಬರ್ತಿತ್ತು. ಈ ಮನುಷ್ಯ ಅಡಿಗೆ ಕಲ್ತದ್ದು ಕುದುರೆಗೆ ಅಲ್ದಾ? ಎಂತ ಮಾಡಿದ್ರೂ ಬೇಯ್ಸಿ ಬೇಯ್ಸಿ ಮೆತ್ತಗೆ ಮಾಡಿ ಇಡ್ತಾರೆ. ಮನೇಲಿ ಹಲ್ಲಿದ್ದವ್ಳು ಒಬ್ಳು ಇದ್ದಾಳೆ ಅನ್ನೂದು ನೆನಪೇ ಇಲ್ಲ. ಅಡಿಗೆಮನೆ ಬಿಟ್ಟು ಹೊರಗೂ ಬರೂದಿಲ್ಲ. ಎಂತ ಮಾಡೂದು ಹೇಳು ಇವ್ರನ್ನ?"

ಹಿಂದೆ ಎಲ್ಲಿಂದಲೋ ಭಾವನ ದನಿ ಕೇಳಿಸಿತು: "ಇವತ್ತು ಉಪ್ಪು ಸರಿ ಅದೆ, ಅದನ್ನೂ ಹೇಳು."

ನನ್ನ ನಾಲಿಗೆಯ ತುದಿಯಲ್ಲಿ ಎರಡು ಮೂರು ಪರಿಹಾರಗಳು ಸಾಲುಗಟ್ಟಿ ನಿಂತಿದ್ದವು. ಬೀನ್ಸಿಗೆ ಕುಕ್ಕರ್ ಬೇಡ. ಗಡಿಯಾರ ನೋಡಿ ಇಳಿಸಲಿ. ಅಡಿಗೆಯ ಪುಸ್ತಕವೊಂದನ್ನು ನಾನೇ ಕಳಿಸುತ್ತೇನೆ. ಬಾಯೊಳಗಿನ ತುತ್ತಿನ ಜೊತೆ ಅವನ್ನೂ ನುಂಗಿಕೊಂಡೆ.

"ಗೊತ್ತಿಲ್ಲ ಅಕ್ಕ," ಅಂದೆ.

ಇಂಥ ಉತ್ತರ ನನ್ನಿಂದ ಬಂದದ್ದು ಅವಳಿಗೂ ಹೊಸತು.

"ನಿಂಗೂ ಗೊತ್ತಿಲ್ಯಾ?" ಅಂದಳು. ದನಿಯಲ್ಲಿ ಎಂಥ ಸಂತೋಷ! "ಹಂಗಾರೆ ಕೇಳು, ಮೊದಲಿಂದ ಹೇಳ್ತೆ. ಬೆಳಿಗ್ಗೆ ನಾ ಏಳೂದ್ರೊಳಗೆ..."

ನಾನು ತಟ್ಟೆಯನ್ನು ಬದಿಗೆ ಸರಿಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಕುರ್ಚಿಗೆ ಒರಗಿ ಕೂತೆ.